ತಡವಾಗಿ ಬರುವ ಬಿಸಿನೀರು

ಕಂಟ್ರೋಲ್ ಸಿಸ್ಟಮ್ಸ್ ಪಾಠ ಹೇಳುತ್ತ, ನಡುನಡುವೆ ಪೇಪರ್ ಬರೆಯುತ್ತ ಮೂವತ್ತು ವರ್ಷ ಕಳೆದವು. ಪಿಎಚ್‌ಡಿಗೆ ಹೊಸದಾಗಿ ಸೇರಿದವರು ಈಗೀಗ ಲಿಯಾಪುನೋವ್ ಸ್ಥಿರತೆಯ ಬಗ್ಗೆ ಕೇಳುವುದಕ್ಕಿಂತ ಸೈಟೇಶನ್ ಬಗ್ಗೆ ಕೇಳುವುದೇ ಹೆಚ್ಚು. ಅವರಿಗೆ ಹೇಳುವ ಮಾತುಗಳಿವು.

1. ಯಾವ ಪೇಪರ್ ಓಡುತ್ತದೆಂದು ಬರೆದವನಿಗೆ ತಿಳಿಯುವುದಿಲ್ಲ. ನಾಲ್ಕು ವರ್ಷ ನಿದ್ದೆಗೆಟ್ಟು ಸಾಧಿಸಿದ ಪ್ರಮೇಯವೊಂದು ನನ್ನದಿದೆ. ಅದರ ಸೈಟೇಶನ್ ಇನ್ನೂ ಎರಡಂಕಿ ಮುಟ್ಟಿಲ್ಲ. ಜನ ಹೆಚ್ಚು ಉಲ್ಲೇಖಿಸಿರುವುದು ಸಕ್ಕರೆ ಕಾರ್ಖಾನೆಯೊಂದರ ಬಾಯ್ಲರ್ ಕುರಿತು ಬರೆದ ನಾಲ್ಕೇ ಪುಟಗಳನ್ನು. ಅಲ್ಲಿ ಡ್ರಮ್ಮಿನ ನೀರಿನ ಮಟ್ಟ ಇಳಿದಾಗ ವಾಲ್ವ್ ಪೂರ್ತಿ ತೆರೆದುಕೊಳ್ಳುತ್ತಿತ್ತು. ಇನ್ನು ತೆರೆಯಲು ಜಾಗವೇ ಇಲ್ಲದಿದ್ದರೂ ಪಿಐಡಿ ಕಂಟ್ರೋಲರಿನ ಇಂಟಿಗ್ರಲ್ ಭಾಗ ಬಡ್ಡಿ ಸಾಹುಕಾರನ ಹಾಗೆ ಬಾಕಿ ಕೂಡಿಸುತ್ತಲೇ ಇರುತ್ತಿತ್ತು. ಮಟ್ಟ ಸರಿಹೋದ ಮೇಲೂ ಆ ಬಾಕಿ ತೀರುವ ತನಕ ವಾಲ್ವ್ ಮುಚ್ಚುತ್ತಿರಲಿಲ್ಲ. ಡ್ರಮ್ ತುಂಬಿ, ಹಬೆಯ ಜೊತೆ ನೀರೂ ಟರ್ಬೈನಿನ ಕಡೆ ಹೊರಡುತ್ತಿತ್ತು. ವಾಲ್ವ್ ತುದಿ ಮುಟ್ಟಿದ ಕೂಡಲೇ ಕೂಡಿಸುವುದನ್ನು ನಿಲ್ಲಿಸಬೇಕು ಅನ್ನುವುದು ಹಳೆಯ ಉಪಾಯ, ನಾನು ಕಂಡುಹಿಡಿದದ್ದಲ್ಲ. ಬಳಸಿದ ಸಂಖ್ಯೆಗಳನ್ನೆಲ್ಲ ಒಂದು ಕೋಷ್ಟಕದಲ್ಲಿ ಹಾಕಿದ್ದೆ, ಅಷ್ಟೇ.

2. ಆ ಕೋಷ್ಟಕವೇ ಕೆಲಸ ಮಾಡಿತು. 1942ರಲ್ಲಿ ಜೀಗ್ಲರ್ ಮತ್ತು ನಿಕೋಲ್ಸ್ ಮಾಡಿದ್ದೂ ಇಂಥದೇ. ಇಬ್ಬರೂ ಟೇಲರ್ ಎಂಬ ಉಪಕರಣ ಕಂಪನಿಯಲ್ಲಿದ್ದವರು. ಲೂಪ್ ಒಂದೇ ಸಮ ತೂಗಾಡುವ ತನಕ ಗೇನ್ ಏರಿಸಿ, ಆ ಗೇನನ್ನೂ ತೂಗಾಟದ ಅವಧಿಯನ್ನೂ ಗುರುತು ಹಾಕಿಕೊಂಡು, ಅವರು ಕೊಟ್ಟ ಗುಣಕಗಳಿಂದ ಗುಣಿಸಿದರಾಯಿತು. ಎಂಬತ್ತು ವರ್ಷ ದಾಟಿದರೂ ಆ ಪೇಪರಿನ ಹೆಸರು ಹೇಳದೆ ಟ್ಯೂನಿಂಗ್ ಪಾಠ ಶುರುವಾಗುವುದಿಲ್ಲ. ನಾನೋ, ನನ್ನ ಮೊದಲ ಜರ್ನಲ್ ಪೇಪರಿನಲ್ಲಿ ಸ್ಯಾಂಪ್ಲಿಂಗ್ ಸಮಯ ಬರೆಯುವುದನ್ನೇ ಮರೆತಿದ್ದೆ. ವರ್ಷಗಳಾದ ಮೇಲೆ ಹೊರದೇಶದ ವಿದ್ಯಾರ್ಥಿಯೊಬ್ಬ ಅದನ್ನು ಕೇಳಿ ಬರೆದ. ಪ್ರೋಗ್ರಾಂ ಇದ್ದ ಫ್ಲಾಪಿಗೆ ಅಷ್ಟರಲ್ಲಿ ಬೂಷ್ಟು ಹಿಡಿದಿತ್ತು. ಆ ಹುಡುಗ ಇನ್ನೊಬ್ಬರ ಪೇಪರ್ ಹಿಡಿದು ಮುಂದೆ ಹೋದ.

3. ಹೆಸರನ್ನು ಜೀವನಪೂರ್ತಿ ಒಂದೇ ರೀತಿ ಬರೆಯಿರಿ. ಊರಿನ ಅಕ್ಷರ, ಅಪ್ಪನ ಅಕ್ಷರ ಒಮ್ಮೆ ಹೆಸರಿನ ಮುಂದೆ, ಒಮ್ಮೆ ಹಿಂದೆ ಬಂದು ಗೂಗಲ್ ಸ್ಕಾಲರ್‌ನಲ್ಲಿ ನಾನು ಬಹಳ ದಿನ ಮೂರು ಜನವಾಗಿದ್ದೆ.

4. ಸೈಟೇಶನ್ ನೋಡಿಕೊಂಡು ದಿಕ್ಕು ಬದಲಿಸಬೇಡಿ. ನಮ್ಮ ಮನೆಯಲ್ಲಿ ಸೋಲಾರ್ ಇರುವುದು ತಾರಸಿಯ ಮೇಲೆ, ಬಚ್ಚಲು ಕೆಳಗೆ. ನಲ್ಲಿ ತಿರುಗಿಸಿದರೆ ಮೊದಲು ಬರುವುದು ಪೈಪಿನಲ್ಲಿ ನಿಂತ ತಣ್ಣೀರು. ತಣ್ಣಗಿದೆಯೆಂದು ಇನ್ನಷ್ಟು ತಿರುಗಿಸಿದವನ ಬೆನ್ನು ಸುಡುತ್ತದೆ. ಗಾಬರಿಯಾಗಿ ಮುಚ್ಚಿದರೆ ಮತ್ತೆ ತಣ್ಣೀರು. ಲೂಪಿನಲ್ಲಿ ತಡವಿದ್ದಾಗ ಗೇನ್ ಹೆಚ್ಚಿಸಿದರೆ ಆಗುವುದೇ ಇದು. ಹೋದ ವರ್ಷದ ಸೈಟೇಶನ್ ನೋಡಿ ಈ ವರ್ಷ ಫಝಿ, ಮುಂದಿನ ವರ್ಷ ಡೀಪ್ ಲರ್ನಿಂಗ್ ಎಂದು ಓಡಿದವರು ಹೀಗೆಯೇ ತೂಗಾಡಿದ್ದನ್ನು ಕಂಡಿದ್ದೇನೆ. ಮನ್ನಣೆ ಎಷ್ಟು ತಡವಾಗಬಹುದು? ಲಿಯಾಪುನೋವ್ ಸ್ಥಿರತೆಯ ಪ್ರಬಂಧವನ್ನು ರಷ್ಯನ್ ಭಾಷೆಯಲ್ಲಿ ಬರೆದದ್ದು 1892ರಲ್ಲಿ. ಫ್ರೆಂಚಿಗೆ ಬಂದದ್ದು 1907ಕ್ಕೆ. ಅಮೆರಿಕದ ಎಂಜಿನಿಯರುಗಳ ಕೈಗೆ ಅದು ಸಲೀಸಾದದ್ದು 1960ರ ಸುಮಾರಿಗೆ, ಕಾಲ್ಮನ್ ಮತ್ತು ಬರ್ಟ್ರಮ್ ಅದನ್ನು ಬಿಡಿಸಿ ಹೇಳಿದ ಮೇಲೆ. 1960ರಲ್ಲೇ ಕಾಲ್ಮನ್ ತಮ್ಮ ಫಿಲ್ಟರನ್ನು ಪ್ರಕಟಿಸಿದ್ದು ಮೆಕ್ಯಾನಿಕಲ್ ಎಂಜಿನಿಯರುಗಳ ಜರ್ನಲ್ಲಿನಲ್ಲಿ. ನಾಸಾದ ಸ್ಟಾನ್ಲಿ ಶ್ಮಿಟ್ ಅದನ್ನು ಅಪೊಲೊದ ದಾರಿ ಲೆಕ್ಕಕ್ಕೆ ಎತ್ತಿಕೊಂಡರು. ಎಲ್ಲರಿಗೂ ಶ್ಮಿಟ್ ಸಿಗುವುದಿಲ್ಲ, ನಿಜ.

5. ಎಚ್-ಇಂಡೆಕ್ಸ್ 2005ರಲ್ಲಿ ಹಿರ್ಷ್ ಎಂಬ ಭೌತವಿಜ್ಞಾನಿ ಕೊಟ್ಟ ಅಳತೆ. ಹತ್ತು ಪೇಪರುಗಳಿಗೆ ತಲಾ ಹತ್ತಾದರೂ ಸೈಟೇಶನ್ ಇದ್ದರೆ 10, ಹನ್ನೊಂದಕ್ಕೆ ತಲಾ ಹನ್ನೊಂದಿದ್ದರೆ 11. ಅದನ್ನು ಪಕ್ಕದ ಕೋಣೆಯವರದರ ಜೊತೆ ಹೋಲಿಸಬೇಡಿ. ಒಂದೊಂದು ವಿಷಯಕ್ಕೆ ಸಿಗುವ ಓದುಗರು ಒಂದೊಂದು ಲೆಕ್ಕ. ನರೇಂದ್ರ ಮತ್ತು ಪಾರ್ಥಸಾರಥಿ 1990ರಲ್ಲಿ ನ್ಯೂರಲ್ ನೆಟ್‌ವರ್ಕನ್ನು ಕಂಟ್ರೋಲಿಗೆ ತಂದಾಗ ಎರಡೂ ಕಡೆಯ ಓದುಗರು ಸಿಕ್ಕರು. ಅದೇ ನರೇಂದ್ರ, ನಮ್ಮ ಬೆಂಗಳೂರಿನ ಐಐಎಸ್‌ಸಿಯ ತಾತಾಚಾರ್ ಜೊತೆ ಲರ್ನಿಂಗ್ ಆಟೊಮ್ಯಾಟಾ ಕುರಿತು 1989ರಲ್ಲಿ ತಂದ ಪುಸ್ತಕವನ್ನು, ಅದರ ಸೈಟೇಶನ್ ಎಣಿಸದೆ, ನನ್ನ ವಿದ್ಯಾರ್ಥಿಗಳಿಗೆ ಈಗಲೂ ಕೊಡುತ್ತೇನೆ.

6. ರಿವ್ಯೂವರ್ ಒಬ್ಬರು ಒಮ್ಮೆ ಐದು ಪೇಪರುಗಳ ಪಟ್ಟಿ ಕೊಟ್ಟು, ಇವನ್ನು ಉಲ್ಲೇಖಿಸಿದರೆ ಒಳ್ಳೆಯದು ಎಂದು ಬರೆದರು. ಐದರಲ್ಲೂ ಒಂದೇ ಹೆಸರಿತ್ತು. ಪ್ರಮೋಶನ್ ಅರ್ಜಿಗೆ ಎರಡು ತಿಂಗಳು ಉಳಿದಿದ್ದ ಸಮಯ. ಎರಡನ್ನು ಸೇರಿಸಿದೆ, ಪೇಪರ್ ಅಚ್ಚಾಯಿತು. ಆ ಎರಡನ್ನೂ ಇವತ್ತಿನವರೆಗೆ ಪೂರ್ತಿ ಓದಿಲ್ಲ.