ರಾಗಿಗೆ ಸಿಕ್ಕ ಬಿಸಿಲು, ನೆಲಕ್ಕೆ ಸೋರಿದ ಬಿಸಿಲು

ರಾಗಿ ಹೊಲಕ್ಕೆ ಹೋದಾಗ ಒಂದು ಎಲೆ ಕಿತ್ತು ಬೆಳಕಿಗೆ ಅಡ್ಡ ಹಿಡಿದು ನೋಡಿ. ಉದ್ದಕ್ಕೂ ಒತ್ತೊತ್ತಾಗಿ ಸಾಗಿದ ನರಗಳು ಕಾಣುತ್ತವೆ. ಭೂತಗನ್ನಡಿ ಇದ್ದರೆ ಪ್ರತಿ ನರದ ಸುತ್ತ ಕಡುಹಸಿರಿನ ಪಟ್ಟಿಯೂ ಕಂಡೀತು. ಪಕ್ಕದಲ್ಲೇ ಭತ್ತದ ಎಲೆ ಹಿಡಿದರೆ ವ್ಯತ್ಯಾಸ ಗೊತ್ತಾಗುತ್ತದೆ: ಅಲ್ಲಿ ನರಗಳ ನಡುವೆ ಜಾಗ ಹೆಚ್ಚು, ನರದ ಸುತ್ತ ಆ ಕಡುಹಸಿರು ಇಲ್ಲ. ನೀರು ಕೊಟ್ಟರೆ ಏಪ್ರಿಲ್ ಬಿಸಿಲಿನಲ್ಲೂ ಬೇಸಿಗೆ ರಾಗಿ ನಳನಳಿಸುತ್ತದಲ್ಲ, ಅದರ ಗುಟ್ಟು ಇರುವುದು ಈ ಪಟ್ಟಿಯಲ್ಲಿ.

ಯಾವ ಗಿಡವಾದರೂ ಸಕ್ಕರೆ ತಯಾರಿಸುವುದು ಗಾಳಿಯ ಇಂಗಾಲದ ಡೈಆಕ್ಸೈಡ್ ಮತ್ತು ಬೇರಿನ ನೀರಿನಿಂದ. ಅದಕ್ಕೆ ಶಕ್ತಿ ಬಿಸಿಲಿನದು. ಗಾಳಿಯಲ್ಲಿ ಈ ಅನಿಲ ಇರುವುದು ಶೇಕಡಾ 0.04ರಷ್ಟು ಮಾತ್ರ. ಅದನ್ನು ಹಿಡಿದು ಸಕ್ಕರೆಯ ಹಾದಿಗೆ ಹಾಕುವ ಕಿಣ್ವದ ಹೆಸರು ರುಬಿಸ್ಕೋ. ಈ ಕಿಣ್ವಕ್ಕೊಂದು ದೋಷವಿದೆ. ಬಿಸಿಲು ಏರಿದಂತೆ ಇಂಗಾಲದ ಬದಲು ಆಮ್ಲಜನಕವನ್ನು ಹಿಡಿಯುತ್ತದೆ, ಆಗ ಮಾಡಿದ ಕೆಲಸದಲ್ಲಿ ಒಂದು ಪಾಲು ದಂಡ. ಭತ್ತ, ಗೋಧಿ, ನೆಲಗಡಲೆ, ತೊಗರಿಗಳಿಗೆ ಬಿರುಬಿಸಿಲಿನಲ್ಲಿ ಈ ನಷ್ಟ ತಪ್ಪಿದ್ದಲ್ಲ.

ರಾಗಿ ಇದಕ್ಕೆ ಬೇರೆ ದಾರಿ ಹಿಡಿದಿದೆ. ಎಲೆಯ ನಡುಪದರದ ಕೋಶಗಳಲ್ಲಿ, ಆಮ್ಲಜನಕಕ್ಕೆ ಮೋಸಹೋಗದ ಇನ್ನೊಂದು ಕಿಣ್ವ ಇಂಗಾಲವನ್ನು ಹಿಡಿದು ನಾಲ್ಕು ಇಂಗಾಲದ ಆಮ್ಲವಾಗಿ ಕಟ್ಟುತ್ತದೆ. ಆ ಆಮ್ಲ ಒಳಗೆ, ನರದ ಸುತ್ತಲಿನ ಕಡುಹಸಿರು ಕೋಶಗಳಿಗೆ ಹೋಗಿ ಇಂಗಾಲವನ್ನು ಬಿಟ್ಟುಕೊಡುತ್ತದೆ. ರುಬಿಸ್ಕೋ ಇರುವುದು ಅಲ್ಲೇ. ಪಂಪು ಹಾಕಿ ತುಂಬಿಸಿದ ತೊಟ್ಟಿಯಂತೆ ಅಲ್ಲಿ ಇಂಗಾಲ ದಟ್ಟವಾಗಿರುವುದರಿಂದ ರುಬಿಸ್ಕೋ ದಾರಿ ತಪ್ಪುವುದು ತೀರಾ ಕಡಿಮೆ. ಆಸ್ಟ್ರೇಲಿಯದಲ್ಲಿ ಕಬ್ಬಿನ ಮೇಲೆ ಕೆಲಸ ಮಾಡುತ್ತಿದ್ದ ಹ್ಯಾಚ್ ಮತ್ತು ಸ್ಲ್ಯಾಕ್ 1966ರಲ್ಲಿ ಈ ಹಾದಿಯನ್ನು ವಿವರಿಸಿದರು. ಇಂಥ ಬೆಳೆಗಳಿಗೆ ಸಿ-4 ಎಂಬ ಹೆಸರಿದೆ. ಜೋಳ, ಸಜ್ಜೆ, ನವಣೆ, ಸಾಮೆ, ಹಾರಕ, ಬರಗು, ಊದಲು, ಕೊರಲೆ ಎಲ್ಲವೂ ಇದೇ ಗುಂಪು. ಮೆಕ್ಕೆಜೋಳ, ಕಬ್ಬು ಕೂಡ.

ಇದರಿಂದ ರೈತನಿಗೆ ಬರುವ ಲಾಭ ಸಣ್ಣದಲ್ಲ. ಭತ್ತದಂಥ ಬೆಳೆಯ ಎಲೆ ಮಧ್ಯಾಹ್ನದ ಬಿಸಿಲಿನ ಅರ್ಧದಷ್ಟಕ್ಕೇ ‘ಸಾಕು’ ಎನ್ನುತ್ತದೆ. ರಾಗಿ ಎಲೆ ಪೂರ್ತಿ ಬಿಸಿಲನ್ನೂ ದುಡಿಸಿಕೊಳ್ಳುತ್ತದೆ. ಎಲೆಯ ರಂಧ್ರಗಳನ್ನು ಅರೆ ಮುಚ್ಚಿದರೂ ಇಂಗಾಲಕ್ಕೆ ಕೊರತೆಯಿಲ್ಲವಾದ್ದರಿಂದ ನೀರೂ ಉಳಿಯುತ್ತದೆ: ಒಂದು ಕಿಲೋ ಒಣ ಪದಾರ್ಥ ಕಟ್ಟಲು ಸಿ-4 ಬೆಳೆಗೆ ಸುಮಾರು 300 ಲೀಟರ್ ನೀರು ಸಾಕಾದರೆ ಉಳಿದವುಗಳಿಗೆ 500 ಲೀಟರಿಗೂ ಮೇಲೆ ಬೇಕು.

ಆದರೆ ಈ ಏರ್ಪಾಡಿಗೆ ಹೆಚ್ಚಿನ ಶಕ್ತಿ ಖರ್ಚಾಗುತ್ತದೆ, ಅದು ಬರಬೇಕಾದದ್ದೂ ಬಿಸಿಲಿನಿಂದಲೇ. ಆದ್ದರಿಂದ ನೆರಳು ರಾಗಿಗೆ ಆಗಿಬರುವುದಿಲ್ಲ. ಬೆಳೆದ ಮಾವಿನ ತೋಪಿನ ನಡುವೆ ರಾಗಿ ಹಾಕಿದರೆ ಪೈರು ಸಣಕಲಾಗಿ ಮೇಲೇಳುತ್ತದೆ, ತೆಂಡೆ ಒಡೆಯುವುದಿಲ್ಲ, ತೆನೆ ಚಿಕ್ಕದು. ಗಿಡಗಳು ಎಳೆಯವಿದ್ದಾಗ ಮಾತ್ರ ಅಂತರ ಬೆಳೆಯಾಗಿ ರಾಗಿ ಹಾಕುವುದು ಜಾಣತನ. ಮರದ ತಲೆಗಳು ಕೂಡಿದ ಮೇಲೆ ಹುರುಳಿಯಂಥದ್ದು ವಾಸಿ. ಚಳಿಯೂ ರಾಗಿಗೆ ಒಗ್ಗದು. ದೀರ್ಘಾವಧಿ ತಳಿಗಳನ್ನು ತಡವಾಗಿ ಬಿತ್ತಿದರೆ ಕಾಳು ಕಟ್ಟುವ ಹೊತ್ತಿಗೆ ಮಳೆಯೂ ಹಿಂದೆಗೆದು ಚಳಿಯೂ ಬಂದಿರುತ್ತದೆ.

ಬಿಸಿಲಿನ ನಿಜವಾದ ಸೋರಿಕೆ ಆಗುವುದು ಮೊದಲ ತಿಂಗಳಲ್ಲಿ. ಬಿತ್ತಿದ ನಾಲ್ಕೈದು ವಾರ ಎಲೆಗಿಂತ ಬರಿನೆಲವೇ ಹೆಚ್ಚು ಬಿಸಿಲು ಕುಡಿಯುತ್ತದೆ. ಆ ಬಿಸಿಲು ಪೈರನ್ನು ಬೆಳೆಸದೆ ಮಣ್ಣಿನ ತೇವವನ್ನು ಆರಿಸುತ್ತದೆ. ಜೊತೆಗೆ ಕಳೆ ಏಳುತ್ತದೆ. ಗರಿಕೆ, ಜೇಕು, ಕಾಡುದಂಟು, ರಾಗಿಯನ್ನೇ ಹೋಲುವ ಕಾಡುರಾಗಿ ಇವೆಲ್ಲವೂ ಸಿ-4 ಜಾತಿಯವೇ. ಅಂದರೆ ರಾಗಿಯ ವಿಶೇಷ ಬಲ ಕಳೆಗೂ ಇದೆ. ಆದ್ದರಿಂದ ಮೊದಲ ಕುಂಟೆ ತಡವಾದರೆ ಆ ನಷ್ಟವನ್ನು ಗೊಬ್ಬರದಿಂದ ತುಂಬಿಕೊಳ್ಳಲಾಗದು.

ಚೆಲ್ಲು ಬಿತ್ತನೆಯಲ್ಲಿ ಒಂದೆಡೆ ಗುಂಪು, ಒಂದೆಡೆ ಬಯಲು. ಗುಂಪಿನೊಳಗಿನ ಕೆಳ ಎಲೆಗಳು ನೆರಳಿಗೆ ಹಳದಿಯಾಗುತ್ತವೆ, ಬಯಲಿನ ಬಿಸಿಲು ಮಣ್ಣುಪಾಲು. ಕೂರಿಗೆಯಲ್ಲಿ ಸಾಲಿಗೆ 30 ಸೆಂ.ಮೀ., ಗಿಡಕ್ಕೆ 10 ಸೆಂ.ಮೀ. ಅಂತರವಿಟ್ಟು, ಒತ್ತಾದ ಕಡೆ ಪೈರು ತೆಳುವು ಮಾಡಿದರೆ ಎಲೆಗಳು ಸಮನಾಗಿ ಹರಡುತ್ತವೆ. ಸಾಲು ಯಾವ ದಿಕ್ಕಿಗಿದ್ದರೆ ಬಿಸಿಲು ಚೆನ್ನ ಎಂದು ಕೇಳುವವರಿದ್ದಾರೆ. ಮಳೆಯಾಶ್ರಿತ ಹೊಲದಲ್ಲಿ ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ, ಇಳಿಜಾರಿಗೆ ಅಡ್ಡ ಬಿತ್ತಿ ನೀರು ನಿಲ್ಲಿಸುವುದೇ ಮುಖ್ಯ.

ಬಿಸಿಲನ್ನು ಸಮನಾಗಿ ಹಂಚುವುದನ್ನು ಹಾವೇರಿ ಕಡೆಯ ರೈತರ ಗುಳಿ ರಾಗಿ ಇನ್ನೊಂದು ರೀತಿಯಲ್ಲಿ ಸಾಧಿಸಿದೆ. ಉದ್ದಕ್ಕೂ ಅಡ್ಡಕ್ಕೂ ಗೆರೆ ಎಳೆದು, ಗೆರೆ ಕೂಡುವಲ್ಲಿ ಸುಮಾರು ಒಂದೂವರೆ ಅಡಿಗೊಂದರಂತೆ ಗುಳಿ ಮಾಡಿ, ಗೊಬ್ಬರ ಹಾಕಿ ಎಳೆ ಸಸಿ ನೆಡುತ್ತಾರೆ. ಆಮೇಲೆ ಪೈರಿನ ಮೇಲೆ ಹಗುರವಾದ ಕೊರಡು ಎಳೆಯುತ್ತಾರೆ. ಮೊದಲ ಬಾರಿ ನೋಡುವವರಿಗೆ ಬೆಳೆ ಹಾಳು ಮಾಡುತ್ತಿದ್ದಾರೆ ಅನ್ನಿಸಬಹುದು. ಆದರೆ ಬಾಗಿದ ಸಸಿ ಬುಡದಲ್ಲಿ ಬೇರೂರಿ ಹತ್ತಾರು ತೆಂಡೆ ಒಡೆಯುತ್ತದೆ. ಎರಡೂ ದಿಕ್ಕಿಗೆ ಎಡೆಕುಂಟೆ ಆಡುವುದರಿಂದ ಕಳೆಗೆ ಜಾಗವಿಲ್ಲ, ಗಿಡದ ನಾಲ್ಕೂ ಮಗ್ಗುಲಿಗೆ ಬಿಸಿಲು. ಆಳಿನ ಖರ್ಚು ಮೊದಲಿಗೆ ಹೆಚ್ಚೆನ್ನುವುದೂ ನಿಜ. ಮನೆಮಂದಿಯೇ ದುಡಿಯುವ ಸಣ್ಣ ಹಿಡುವಳಿಗೆ ಇದು ಹೇಳಿ ಮಾಡಿಸಿದ್ದು.

ದಕ್ಷಿಣದ ಜಿಲ್ಲೆಗಳ ಅಕ್ಕಡಿ ಸಾಲನ್ನೂ ಇದೇ ಕಣ್ಣಿನಿಂದ ನೋಡಬೇಕು. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಹಾಕಿದಾಗ, ಮೊದಲ ಎರಡು ತಿಂಗಳು ನಿಧಾನಿಯಾದ ತೊಗರಿ ರಾಗಿಯ ಬಿಸಿಲಿಗೆ ಅಡ್ಡ ಬರುವುದಿಲ್ಲ. ಜಿಪಿಯು-28ರಂಥ ತಳಿ 110-115 ದಿನಕ್ಕೆ ಕೊಯ್ಲಿಗೆ ಬಂದ ಮೇಲೆ ಖಾಲಿ ಹೊಲದ ಬಿಸಿಲೆಲ್ಲ ತೊಗರಿಗೆ. ಬರೀ ರಾಗಿ ಹಾಕಿದ ಹೊಲದಲ್ಲಿ ಆ ತಿಂಗಳುಗಳ ಬಿಸಿಲು ಕೂಳೆಯ ಮೇಲೆ ಬಿದ್ದು ಹೋಗುತ್ತದೆ.

ಹೂವಾದ ಮೇಲೆ ಕಾಳಿಗೆ ಸಕ್ಕರೆ ಬರುವುದು ಮುಖ್ಯವಾಗಿ ಮೇಲಿನ ಕೆಲವು ಎಲೆಗಳಿಂದ. ಹಸಿರು ತೆನೆಯೂ ಸ್ವಲ್ಪ ದುಡಿಯುತ್ತದೆ. ಆ ಎಲೆಗಳು ಹಸಿರಾಗಿ ಉಳಿಯಲು ಸಾರಜನಕ ಬೇಕು. ಒಣ ಬೇಸಾಯದಲ್ಲಿ ಎಕರೆಗೆ 20 ಕಿಲೋ ಸಾರಜನಕವನ್ನು ಬಿತ್ತನೆಗೆ ಅರ್ಧ, ತಿಂಗಳ ಹೊತ್ತಿಗೆ ತೇವ ನೋಡಿಕೊಂಡು ಅರ್ಧ ಕೊಡಿ. ಬೆಂಕಿ ರೋಗ ಎಲೆ ಸುಟ್ಟರೆ ಕಾಳು ಜೊಳ್ಳಾಗುತ್ತದೆ, ಹಾಗಾಗಿ ರೋಗ ತಡೆಯುವ ತಳಿಯನ್ನೇ ಆರಿಸಿ. ಜೋಳ, ಸಜ್ಜೆಗೂ ಇದೇ ಮಾತು. ದನಕ್ಕೆ ಮೇವು ಸಾಲದಿದ್ದರೆ ಒಂದು ಪಟ್ಟಿ ಮೇವಿನ ಜೋಳ ಬೇರೆಯಾಗಿ ಹಾಕಿಕೊಳ್ಳಿ. ಮೇವಿಗೆಂದು ತೆನೆ ಹೊತ್ತು ನಿಂತ ಪೈರಿನ ಹಸಿರೆಲೆ ಬಿಡಿಸಬೇಡಿ.