ಘಟ್ಟದ ಹಾದಿಯಲ್ಲಿ ಹಳೆಯ ಕಾರು

ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿಯಲ್ಲಿ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ನಿರ್ಮಾಣವಾಗುತ್ತಿದ್ದ ಅಂಬಾಸಡರ್ ಕಾರಿನ ತಯಾರಿಕೆ 2014ರಲ್ಲಿ ನಿಂತುಹೋಯಿತು. ಆದರೂ ಅದನ್ನು ಮನೆಯ ಹಿರಿಯರಂತೆ ಜೋಪಾನ ಮಾಡುವ ಕುಟುಂಬಗಳುಂಟು. ಬೇಸಿಗೆಯ ರಜೆಯಲ್ಲಿ ಅಂಥದೊಂದು ಕಾರು ಬೆಂಗಳೂರನ್ನು ಬಿಟ್ಟು, ಹಾಸನ, ಬೇಲೂರು, ಮೂಡಿಗೆರೆಗಳನ್ನು ದಾಟಿ ಕೊಟ್ಟಿಗೆಹಾರವನ್ನು ಸೇರುವಷ್ಟರಲ್ಲಿ ಮಧ್ಯಾಹ್ನ ಕಳೆದಿರುತ್ತದೆ. ಮುಂದಿನದು ಚಾರ್ಮಾಡಿ ಘಟ್ಟ.

ಅನುಭವವಿಲ್ಲದ ಚಾಲಕನು ಇಳಿಜಾರಿನುದ್ದಕ್ಕೂ ಬ್ರೇಕನ್ನು ಒತ್ತಿಯೇ ಇರುತ್ತಾನೆ. ಹಳೆಯ ಅಂಬಾಸಡರಿನ ನಾಲ್ಕು ಚಕ್ರಗಳಿಗೂ ಡ್ರಮ್ ಬ್ರೇಕುಗಳು. ಘರ್ಷಣೆಯಿಂದ ಹುಟ್ಟಿದ ಶಾಖವು ಬೇಗನೆ ಹೊರಹೋಗದೆ ಡ್ರಮ್ಮು ಕಾದು ಹಿಗ್ಗುತ್ತದೆ, ಹಿಡಿತ ಸಡಿಲವಾಗುತ್ತದೆ. ಎದುರಿಗೆ ತಿರುವು, ಪಕ್ಕದಲ್ಲಿ ಆಳವಾದ ಕಂದರ! ಬಲ್ಲವನು ಘಟ್ಟದ ತಲೆಯಲ್ಲಿಯೇ ಸ್ಟಿಯರಿಂಗಿನ ಬದಿಯ ಸನ್ನೆಯನ್ನು ಎರಡನೆಯ ಗೇರಿಗೆ ತರುತ್ತಾನೆ. ಆಗ ಎಂಜಿನ್ನೇ ಕಾರಿನ ಓಟವನ್ನು ಹಿಡಿದು ನಿಲ್ಲಿಸುತ್ತದೆ. ಹಿಂದಿನ ಬಸ್ಸು ಎಷ್ಟೇ ಹಾರನ್ ಬಾರಿಸಲಿ, ಅವನು ಆತುರಪಡುವುದಿಲ್ಲ.

ಧರ್ಮಸ್ಥಳವನ್ನು ನೋಡಿಕೊಂಡು ಮರಳುವಾಗ ಇದೇ ಹಾದಿ ಏರಾಗುತ್ತದೆ. ಆಗ ರೇಡಿಯೇಟರಿನ ನೀರು ಕುದಿಯುವುದುಂಟು. ಕೂಡಲೇ ಮುಚ್ಚಳ ತೆಗೆದರೆ ಒತ್ತಡದಲ್ಲಿರುವ ಬಿಸಿನೀರು ಮುಖಕ್ಕೆ ಚಿಮ್ಮೀತು. ಎಂಜಿನ್ ನಿಲ್ಲಿಸಿ, ಬಾನೆಟ್ಟನ್ನೆತ್ತಿ, ಅದು ತಣಿಯುವವರೆಗೆ ಕಾಯಬೇಕು. ಮಕ್ಕಳಿಗೇನೋ ಇದರಿಂದ ಬೇಸರವಿಲ್ಲ. ಅಷ್ಟರಲ್ಲಿ ಬುತ್ತಿಯ ಚಿತ್ರಾನ್ನ ಮುಗಿದಿರುತ್ತದೆ.