ಫ್ಯೂಚುರಾ: ಕೈವಾರದ ಅಕ್ಷರ

ಇಂಗ್ಲಿಷ್ ಪುಸ್ತಕದ ಅಕ್ಷರಗಳನ್ನು ಹತ್ತಿರದಿಂದ ನೋಡಿ. ಬಹಳಷ್ಟು ಕಡೆ ಗೆರೆಯ ತುದಿಗೆ ಪುಟ್ಟ ಪಾದ ಇರುತ್ತೆ. ಜರ್ಮನಿಯ ಪೌಲ್ ರೆನ್ನರ್ ಆ ಪಾದ ತೆಗೆದು, ವೃತ್ತ, ತ್ರಿಕೋನ, ಸರಳರೇಖೆಗಳ ಆಧಾರದ ಮೇಲೆ ಅಕ್ಷರ ರೂಪಿಸಿದರು. ಬಾವರ್ ಕಂಪನಿಯ ಅಚ್ಚುಮೊಳೆಗಳಾಗಿ ಅದು 1927ರಲ್ಲಿ ಹೊರಬಂತು. ಹೆಸರು ಫ್ಯೂಚುರಾ.

ಹಾಗಾದ್ರೆ ಕೈವಾರ, ಸ್ಕೇಲು ಇದ್ರೆ ಸಾಕಾ? ಸಾಲದು. ವೃತ್ತವನ್ನು ಚೌಕದಷ್ಟೇ ಎತ್ತರ ಬರೆದರೆ ಕಣ್ಣಿಗೆ ಗಿಡ್ಡ ಕಾಣುತ್ತೆ. ಅದಕ್ಕೇ 'ಓ' ಅಕ್ಷರ ಮೇಲೂ ಕೆಳಗೂ ಕೂದಲೆಳೆಯಷ್ಟು ಗೆರೆ ದಾಟಿರುತ್ತೆ. ದಪ್ಪ ಅಕ್ಷರದಲ್ಲಿ ಕಷ್ಟ ಇನ್ನೂ ಹೆಚ್ಚು. ಎರಡು ಗೆರೆ ಕೂಡೋ ಕಡೆ ಮಸಿ ಗಂಟುಕಟ್ಟಿದ ಹಾಗೆ ಕಾಣುತ್ತೆ, ಅಲ್ಲಿ ಗೆರೆಯನ್ನು ಸ್ವಲ್ಪ ತೆಳ್ಳಗೆ ಮಾಡಬೇಕು.

ನಾಜಿಗಳ ಸಂಸ್ಕೃತಿ ನೀತಿಯನ್ನು ಟೀಕಿಸಿ ರೆನ್ನರ್ 1932ರಲ್ಲಿ ಪುಸ್ತಕ ಬರೆದರು. 1933ರಲ್ಲಿ ಅವರನ್ನು ಬಂಧಿಸಿದರು. ಮ್ಯೂನಿಕ್‌ನ ಮುದ್ರಣಶಾಲೆಯ ಮುಖ್ಯಸ್ಥರ ಕೆಲಸವೂ ಹೋಯಿತು. ಅಕ್ಷರ ಮಾತ್ರ ದೂರ ಹೋಯಿತು: 1969ರಲ್ಲಿ ಅಪೊಲೊ 11 ಚಂದ್ರನಲ್ಲಿ ಬಿಟ್ಟುಬಂದ ಫಲಕದಲ್ಲಿರೋದು ಫ್ಯೂಚುರಾನೇ!

ದಪ್ಪ ಫ್ಯೂಚುರಾ ಜಾಹೀರಾತಿಗೆ, ತಲೆಬರಹಕ್ಕೆ ಚೆನ್ನ. ಪುಟಗಟ್ಟಲೆ ಓದೋಕೆ ನನಗಂತೂ ಬೇಡ.

ನಮ್ಮ ಪತ್ರಿಕೆಗೆ ತಲೆಬರಹ ಬರೆಯೋರು ಒಂದು ದಪ್ಪ 'ಠ' ಬರೆದು, ಹತ್ತು ಹೆಜ್ಜೆ ಹಿಂದೆ ನಿಂತು ನೋಡಿ. ಒಳಗಿನ ಚುಕ್ಕೆ ಕಾಣಿಸದಿದ್ರೆ ಗೆರೆ ಜಾಸ್ತಿ ದಪ್ಪ ಆಯ್ತು ಅಂತ.